ಕೂಸಿನ ಅಳು: ಕಷ್ಟ ಯಾರಿಗೆ?

ಸಂಜೆಯಾಯಿತೆಂದರೆ ಸಾಕು, ತಿಂಗಳ ಕೂಸು ಕಾಲು ಮಡಚಿ, ಮುಷ್ಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು ಅಳತೊಡಗುತ್ತದೆ. ಹಾಲು ಕುಡಿಸಿಯಾಗಿದೆ, ಬಟ್ಟೆ ಬದಲಿಸಿಯಾಗಿದೆ. ಆಗ ನಮ್ಮ ಕಡಹಿನಬೈಲಿನ ಮನೆಗಳಲ್ಲಿ ಏಳುವ ಮೊದಲ ಮಾತು, "ಬಾಣಂತಿ ಏನು ತಿಂದಳು?" ಎರಡನೆಯದು, "ಏನಾದರೂ ಕುಡಿಸಿ, ಸುಮ್ಮನಾಗಲಿ." ಸುಮ್ಮನಾಗಬೇಕಾದದ್ದು ಕೂಸಿನ ನೋವೋ, ನಮ್ಮ ಕಿವಿಗೆ ಬೀಳುವ ಅದರ ದನಿಯೋ?

ಈ ಚರ್ಚೆ ಬಹಳ ಹಳೆಯದು. ಶಿಶುವನ್ನು ಹಡಗಿನಲ್ಲಿದ್ದಂತೆ ಸದಾ ತೂಗುತ್ತಿರಬೇಕೆಂದು ಪ್ಲೇಟೋ ಬರೆದ. ಅಳು ಬೆಳವಣಿಗೆಗೆ ಒಳ್ಳೆಯದು, ತಡೆಯಬೇಡಿ ಎಂದ ಅವನ ಶಿಷ್ಯ ಅರಿಸ್ಟಾಟಲ್. ಸಂತ ಅಗಸ್ಟೀನರಂತೂ ಎದೆಹಾಲಿಗಾಗಿ ತಾವು ಅತ್ತದ್ದರಲ್ಲೂ ದೋಷವಿತ್ತೇ ಎಂದು ಹುಡುಕಿದರು. ಅವರ ಮೇಲೆ ಎಷ್ಟೇ ಗೌರವವಿದ್ದರೂ ಇಲ್ಲಿ ನನ್ನ ಮನಸ್ಸು ಒಪ್ಪುವುದಿಲ್ಲ. ಕೂಸಿಗೆ ಬೇರೆ ಭಾಷೆಯಾದರೂ ಎಲ್ಲಿದೆ?

ನೋವು ಕಳೆಯುವ ಮದ್ದಿನಿಂದಲೂ ಮನೆ ನಿಶ್ಶಬ್ದವಾಗುತ್ತದೆ, ದನಿ ಅಡಗಿಸುವ ಮದ್ದಿನಿಂದಲೂ ಆಗುತ್ತದೆ. 1851ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಗ್ರೈಪ್ ವಾಟರಿನಲ್ಲಿ ತಲೆಮಾರುಗಳ ಕಾಲ ಮದ್ಯಸಾರವಿತ್ತು. ಬ್ರಿಟನ್ನಿನಲ್ಲಿ ಅದನ್ನು ತೆಗೆದದ್ದು 1992ರಲ್ಲಿ. ಅಲ್ಲಿಯವರೆಗೆ ಎಷ್ಟು ತಾಯಂದಿರು ಅದನ್ನು ಹರಸಿದರೋ! ನಮ್ಮ ಅಜ್ಜಿಯರು ಜೇನಿನಲ್ಲಿ ಬಜೆ ತೇದು ನೆಕ್ಕಿಸುವುದೂ ಪ್ರೀತಿಯಿಂದಲೇ. ಆದರೆ ವರ್ಷ ತುಂಬದ ಮಗುವಿಗೆ ಜೇನು ಕೊಟ್ಟರೆ ನರಗಳನ್ನೇ ಸೋಲಿಸುವ ವಿಷರೋಗ ಬರಬಹುದು. ಆರು ತಿಂಗಳವರೆಗೆ ಎದೆಹಾಲು ಸಾಕು, ನೀರೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಟ್ಟೆಗೆ ಬರೆ ಹಾಕುವುದಂತೂ ಬರೀ ಕ್ರೌರ್ಯ.

ಆರೋಗ್ಯವಾಗಿರುವ ಕೂಸಿನಲ್ಲಿ ಈ ಅಳು ಎರಡು ಮೂರನೆಯ ವಾರದಲ್ಲಿ ಶುರುವಾಗಿ, ಆರನೆಯ ವಾರದ ಸುಮಾರಿಗೆ ಏರಿ, 3-4 ತಿಂಗಳಿಗೆ ತಾನಾಗಿ ತಗ್ಗುತ್ತದೆ. ಎಲ್ಲ ಅಳುವಿಗೂ ವಾಯು ಕಾರಣವಲ್ಲ. ಅಳುವಾಗ ನುಂಗಿದ ಗಾಳಿಯಿಂದಲೇ ಹೊಟ್ಟೆ ಉಬ್ಬುವುದೂ ಉಂಟು. ಬಾಣಂತಿಯ ಊಟದ ತಪ್ಪು ತೀರಾ ಅಪರೂಪ. ಹಾಲಾದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರುವವರೆಗೆ ಬೆನ್ನು ಸವರಿ. ಹೊಟ್ಟೆಯನ್ನು ಮೆಲ್ಲಗೆ ತೀಡಿ, ಕಾಲುಗಳನ್ನು ಸೈಕಲ್ ತುಳಿಸಿದಂತೆ ಆಡಿಸಿ, ಎದೆಗೆ ಒತ್ತಿಕೊಂಡು ನಡೆದಾಡಿ. ಇಷ್ಟರ ಮೇಲೂ ಅಳಬಹುದು. ಆಗ ನಾವು ಕೊಡಬಹುದಾದದ್ದು ಜೊತೆ ಮಾತ್ರ. ಅದನ್ನು ತಾಯಿಯೊಬ್ಬಳೇ ಏಕೆ ಕೊಡಬೇಕು? ಗಂಡ ಒಂದು ಗಂಟೆ ಎತ್ತಿಕೊಳ್ಳಲಿ, ಅತ್ತೆ ಒಂದು ಗಂಟೆ.

ಸಹನೆ ಮೀರಿತೆನಿಸಿದರೆ ಕೂಸನ್ನು ಗಟ್ಟಿ ಹಾಸಿನ ಮೇಲೆ ಅಂಗಾತ ಮಲಗಿಸಿ, ಐದು ಹತ್ತು ನಿಮಿಷ ಜಗಲಿಗೆ ಬಂದು ನಿಲ್ಲಿ. ತಾಯಿಯೇ, ಅದು ಪಾಪವಲ್ಲ. ಪಾಪನಿವೇದನೆಗೆ ತರಬೇಕಾದದ್ದೂ ಅಲ್ಲ. ಸಿಟ್ಟಿನಲ್ಲಿ ಕುಲುಕಿದರೆ ಮಾತ್ರ ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವಕ್ಕೇ ಅಪಾಯ.

ಮೈ 100.4 ಡಿಗ್ರಿ ದಾಟಿ ಬಿಸಿಯಾದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಗಟ್ಟಿಯಾಗಿ ಉಬ್ಬಿದರೆ, ಹಾಲು ಬಿಟ್ಟು ಮಂಕಾದರೆ ಅದು ಬೇರೆಯೇ ಅಳು. ಆಷಾಢದ ಮಳೆ, ಕತ್ತಲು ಎಂದು ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಿ, ಇಲ್ಲವೇ ಪಕ್ಕದ ಮನೆಯವರನ್ನು ಎಬ್ಬಿಸಿ ಜೀಪು ಹೊರಡಿಸಿ ನರಸಿಂಹರಾಜಪುರದ ಆಸ್ಪತ್ರೆಗೆ ಹೋಗಿ.