ಪಕ್ಕದಲ್ಲಿ ಕೂತವರ ಪಾಲು

ಗಣೇಶನ ಹಬ್ಬದಿಂದ ನವೆಂಬರ್ ಮುಗಿಯುವವರೆಗೆ ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಉಪನಗರದ ಬೀದಿಗಳಲ್ಲಿ ರಸಮಂಜರಿಯ ಸುಗ್ಗಿ. ಗಣಪತಿ ಪೆಂಡಾಲಿನ ಮುಂದೆ ಒಂದು ರಾತ್ರಿ, ಅಣ್ಣಮ್ಮ ದೇವಿ ಉತ್ಸವಕ್ಕೆ ಒಂದು ರಾತ್ರಿ, ರಾಜ್ಯೋತ್ಸವಕ್ಕಂತೂ ತಿಂಗಳಿಡೀ. ಬ್ಯಾನರಿನ ಮೇಲೆ ಆರ್ಕೆಸ್ಟ್ರಾದ ಹೆಸರು ಬೀದಿಗೊಂದು ಬದಲಾಗುತ್ತದೆ. ಹಿಂದೆ ಕೂತು ನುಡಿಸುವವರನ್ನು ಗಮನವಿಟ್ಟು ನೋಡಿದರೆ ಎಷ್ಟೋ ಸಲ ಅವರೇ ಇವರು. ಇವತ್ತು ಒಂದು ತಂಡದ ಕೀಬೋರ್ಡ್ ಹಿಡಿದವರು ನಾಳೆ ಇನ್ನೊಂದು ತಂಡದಲ್ಲಿ, ನಾಡಿದ್ದು ಯಾರದೋ ಆರತಕ್ಷತೆಯಲ್ಲಿ, ಮರುವಾರ ಭಾವಗೀತೆಯ ಸಂಜೆಯಲ್ಲಿ. “ಗುರುಗಳೇ, ಶನಿವಾರ ಫ್ರೀ ಇದ್ದೀರಾ? ಪ್ಯಾಡ್‌ಗೆ ಒಬ್ಬರು ಬೇಕಿತ್ತು” ಎಂಬ ಫೋನ್ ಬಿಟ್ಟರೆ ಅವರಿಗೆ ಬೇರೆ ನೇಮಕಾತಿಯಿಲ್ಲ. ಯಾವ ತಂಡಕ್ಕೂ ಸೇರದೆ ಎಲ್ಲ ತಂಡಗಳಿಗೂ ಒದಗುವ ಈ ಕಲಾವಿದರಿಗೆ ಸಲ್ಲಬೇಕಾದದ್ದನ್ನು ನಾವು ಸಲ್ಲಿಸುತ್ತಿದ್ದೇವೆಯೇ?

ಈ ಕೆಲಸಕ್ಕೆ ಬೇಕಾದ ವಿದ್ಯೆ ಸಣ್ಣದಲ್ಲ. ಹೊಸ ತಂಡದೊಂದಿಗೆ ನುಡಿಸುವ ದಿನ ರಿಹರ್ಸಲ್ ಇರುವುದೇ ಅಪರೂಪ. ಹಾಡಿನ ಪಟ್ಟಿ ಕೈಗೆ ಸಿಗುವುದು ವೇದಿಕೆ ಹತ್ತಿದ ಮೇಲೆ. ಸಿನಿಮಾದಲ್ಲಿದ್ದ ಶ್ರುತಿಯಲ್ಲೇ ಗಾಯಕರು ಹಾಡುತ್ತಾರೆಂಬ ಖಾತ್ರಿಯಿಲ್ಲ. ಒಬ್ಬರಿಗೆ ಇಳಿಸಬೇಕು, ಇನ್ನೊಬ್ಬರಿಗೆ ಏರಿಸಬೇಕು. ಜಿ.ಕೆ. ವೆಂಕಟೇಶ್, ರಾಜನ್–ನಾಗೇಂದ್ರ ಅವರ ಹಳೆಯ ಹಾಡುಗಳಿಂದ ಹಂಸಲೇಖ, ಅರ್ಜುನ್ ಜನ್ಯ ಅವರವರೆಗೆ ಹಾಡಿನ ನಡುವಿನ ಪ್ರತಿ ಬಿಟ್ಟೂ ಬೆರಳ ತುದಿಯಲ್ಲಿರಬೇಕು. ಗಾಯಕಿ ಮೊದಲ ಚರಣ ಮರೆತು ನೇರ ಎರಡನೆಯದಕ್ಕೆ ಹೋದರೆ ಕೀಬೋರ್ಡ್, ತಬಲಾ, ರಿದಮ್ ಪ್ಯಾಡ್ ಮೂರೂ ಅದೇ ಕ್ಷಣ ಅವರ ಜೊತೆಗೆ ಹೋಗಬೇಕು. ಕೆಳಗೆ ಕುರ್ಚಿಯಲ್ಲಿ ಕೂತವರಿಗೆ ಸುಳಿವೂ ಸಿಗಬಾರದು. ತಾನು ನುಡಿಸುತ್ತಲೇ ಇನ್ನೊಬ್ಬರನ್ನು ಕೇಳಿಸಿಕೊಳ್ಳಬಲ್ಲವರಿಗೆ ಮಾತ್ರ ಮತ್ತೊಮ್ಮೆ ಕರೆ ಬರುತ್ತದೆ.

ಶಾಸ್ತ್ರೀಯ ಸಂಗೀತದಲ್ಲಿ ಇದು ಹೊಸದೇನಲ್ಲ. ಅಲ್ಲಿನ ಪಕ್ಕವಾದ್ಯಗಾರರ ಬದುಕೇ ಹೀಗೆ. ಚೈತ್ರ ಬಂತೆಂದರೆ ಊರೆಲ್ಲ ರಾಮನವಮಿ ಕಚೇರಿಗಳು; ಚಾಮರಾಜಪೇಟೆಯ ಶ್ರೀರಾಮ ಸೇವಾ ಮಂಡಳಿ 1939ರಿಂದ ಈ ಉತ್ಸವವನ್ನು ನಡೆಸಿಕೊಂಡು ಬಂದಿದೆ. ಹಾಡುವವರು, ಪಿಟೀಲಿನವರು, ಮೃದಂಗದವರು ವೇದಿಕೆಯ ಮೇಲೆಯೇ ಮೊದಲ ಬಾರಿಗೆ ಭೇಟಿಯಾಗುವುದೂ ಉಂಟು. ಹೆಣ್ಣುದನಿಗೊಂದು, ಗಂಡುದನಿಗೊಂದು ಎಂದು ಮೃದಂಗದವರ ಬಳಿ ಬೇರೆ ಬೇರೆ ಸ್ಥಾಯಿಯ ವಾದ್ಯಗಳಿರುತ್ತವೆ. “ಶ್ರುತಿ ಎಷ್ಟು?” ಎಂದು ಕೇಳಿಕೊಂಡು, ಅದಕ್ಕೆ ಹೊಂದುವುದನ್ನು ತೆಗೆದುಕೊಂಡು ಹೊರಡುತ್ತಾರೆ. ಮುಂದಿನ ಎರಡೂವರೆ ಗಂಟೆ ಯಾವ ಕೃತಿ, ತಾಳದಲ್ಲಿ ಹಾಡು ಎಲ್ಲಿ ಶುರುವಾಗುತ್ತದೆಂಬ ಎಡುಪು ಯಾವುದು, ಯಾವ ಕಾಲಪ್ರಮಾಣ ಎಂಬುದನ್ನೆಲ್ಲ ಹಾಡುವವರ ದನಿ, ಕೈ ತಾಳದಿಂದಲೇ ತಿಳಿದುಕೊಳ್ಳಬೇಕು. ಗಾಯಕರ ಆಲಾಪನೆಯನ್ನು ನೆರಳಿನಂತೆ ಹಿಂಬಾಲಿಸಿದ ಪಿಟೀಲಿಗೆ ತನ್ನ ಸರದಿ ಬಂದಾಗ ತನ್ನದೇ ಮಾತೂ ಇರಬೇಕು. ಎಲ್ಲಿ ತುಂಬಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ವಿವೇಕಕ್ಕೆ ಅಲ್ಲಿ ಪಾಂಡಿತ್ಯದಷ್ಟೇ ಬೆಲೆ.

ಈ ವಿವೇಕಕ್ಕೆ ಕನ್ನಡ ನಾಡು ಕೊಟ್ಟ ದೊಡ್ಡ ಹೆಸರು ಪಿಟೀಲಿನ ಟಿ. ಚೌಡಯ್ಯ. ತಿರುಮಕೂಡಲಿನಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರಲ್ಲಿ ಕಲಿತವರು. ಅರಿಯಕ್ಕುಡಿ, ಚೆಂಬೈ, ಮುಸಿರಿ ಮೊದಲಾದ ಘಟಾನುಘಟಿ ಗಾಯಕರ ಪಕ್ಕದಲ್ಲಿ ಕೂತು ನುಡಿಸಿದರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿಗೆ ಮುಟ್ಟುತ್ತಿಲ್ಲವೆಂದು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿದರು. ಪಕ್ಕದವರ ದನಿಯೂ ಕೇಳುಗನಿಗೆ ಮುಟ್ಟಬೇಕೆಂಬ ಛಲ ಅದು. 1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ರಾಜಾಜಿನಗರದ ನೆರೆಯ ಮಲ್ಲೇಶ್ವರದ ಬಳಿ ಪಿಟೀಲಿನ ಆಕಾರದಲ್ಲೇ ಎದ್ದು ನಿಂತಿರುವ ಸಭಾಂಗಣ ಅವರ ಸ್ಮಾರಕ. ಹಾಡುಗಾರರಿಗಲ್ಲದೆ ಪಕ್ಕವಾದ್ಯಗಾರರೊಬ್ಬರಿಗೆ ಒಂದು ಊರು ಹೀಗೆ ಗೌರವ ಸಲ್ಲಿಸಿದ್ದು ಬೆಂಗಳೂರಿನ ಹೆಮ್ಮೆ.

ಹತ್ತು ಕಡೆ ನುಡಿಸುವುದು ಹೊಟ್ಟೆಪಾಡು ಮಾತ್ರವಲ್ಲ, ಪಾಠಶಾಲೆಯೂ ಹೌದು. ಇಳಯರಾಜ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ಗಿಟಾರ್ ನುಡಿಸುತ್ತ ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ದುಡಿದರು. ಎ.ಆರ್. ರೆಹಮಾನ್ ಹುಡುಗನಾಗಿದ್ದಾಗ ಕೀಬೋರ್ಡ್ ಹಿಡಿದು ಹಲವು ನಿರ್ದೇಶಕರ ವಾದ್ಯಗೋಷ್ಠಿಗಳಲ್ಲಿ ಕೂತವರು. ಇನ್ನೊಬ್ಬರ ಹಾಡಿಗೆ ನಿಷ್ಠೆಯಿಂದ ನುಡಿಸಿದ ವರ್ಷಗಳಲ್ಲೇ ಅವರ ಸ್ವಂತ ಸಂಗೀತ ಬಲಿತದ್ದು.

ಆದರೆ ಎಲ್ಲರೂ ಆ ಎತ್ತರಕ್ಕೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಬಹುಮಂದಿ ಕಡೆಯವರೆಗೂ ಪಕ್ಕದಲ್ಲೇ ಕೂತು ನುಡಿಸುತ್ತಾರೆ. ಆಷಾಢದಲ್ಲಿ ಮದುವೆಗಳಿಲ್ಲ, ಕಾರ್ಯಕ್ರಮಗಳಿಲ್ಲ. ಸುಗ್ಗಿಯ ದುಡಿಮೆಯಲ್ಲೇ ಆ ತಿಂಗಳ ಬಾಡಿಗೆಯನ್ನೂ ಎತ್ತಿಡಬೇಕು. 2020ರ ಲಾಕ್‌ಡೌನಿನಲ್ಲಿ ಎಲ್ಲ ವೇದಿಕೆಗಳೂ ಒಮ್ಮೆಲೇ ಮುಚ್ಚಿದವು. 2021ರ ಎರಡನೇ ಅಲೆಯಲ್ಲಿ ರಾಜ್ಯ ಸರ್ಕಾರ ಕಲಾವಿದರಿಗೆ ಘೋಷಿಸಿದ ನೆರವು 3,000 ರೂಪಾಯಿ. ಆ್ಯಪ್ ಮೂಲಕ ಊಟ ತಲುಪಿಸುವವರಿಗೆ, ಕ್ಯಾಬ್ ಓಡಿಸುವವರಿಗೆ ಸಾಮಾಜಿಕ ಭದ್ರತೆ ಕೊಡಲು ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿತು. ಒಳ್ಳೆಯ ಹೆಜ್ಜೆ. ಆದರೆ ಆ್ಯಪ್ ಇಲ್ಲದೆ, ಫೋನಿನ ಒಂದು ಮಾತಿನ ಮೇಲೆ ದಿನಗೂಲಿ ಮಾಡುವ ತಬಲಾದವರು ಅದರ ಹೊರಗೇ ಉಳಿದರು.

ಸರ್ಕಾರ ಮಾಡಬೇಕಾದದ್ದು ಒಂದಾದರೆ, ನಮ್ಮ ಬೀದಿಯ ಸಮಿತಿಗಳು ನಾಳೆಯೇ ಮಾಡಬಹುದಾದದ್ದು ಬೇಕಾದಷ್ಟಿದೆ. ಶಾಸ್ತ್ರೀಯ ಕಚೇರಿಯ ಆಹ್ವಾನ ಪತ್ರಿಕೆಯಲ್ಲಿ ಗಾಯಕರ ಹೆಸರಿನ ಕೆಳಗೆ ಪಿಟೀಲು ಯಾರು, ಮೃದಂಗ ಯಾರು, ಘಟ ಯಾರು ಎಂದು ಅಚ್ಚಾಗುತ್ತದೆ. ರಸಮಂಜರಿಯ ಬ್ಯಾನರಿನಲ್ಲಿ ಬಡಾವಣೆಯ ಮುಖಂಡರೆಲ್ಲರ ಫೋಟೊಗಳಿಗೆ ಜಾಗವಿರುತ್ತದೆ, ನುಡಿಸುವವರ ಹೆಸರಿಗೆ ಇರುವುದಿಲ್ಲ. ಏಳು ಗಂಟೆಯ ಕಾರ್ಯಕ್ರಮ ಭಾಷಣ, ಸನ್ಮಾನಗಳಲ್ಲಿ ಒಂಬತ್ತಕ್ಕೆ ಜಾರುತ್ತದೆ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕೆಂಬ ನಿಯಮ 2000ದಿಂದಲೂ ಇದೆ. ಹಾಗಾಗಿ ಮೊಟಕಾಗುವುದು ಹಾಡೇ. ಕೊನೆಗೆ “ದೇವರ ಸೇವೆ ಅಂದ್ಕೊಳ್ಳಿ ಸರ್, ಉಳಿದದ್ದು ಮುಂದಿನ ವಾರ ಕೊಡ್ತೀವಿ” ಎಂಬ ಮಾತು. ಪೆಂಡಾಲಿನವರಿಗೆ, ಹೂವಿನವರಿಗೆ, ಅಡುಗೆಯವರಿಗೆ ಯಾರೂ ಹೀಗೆ ಹೇಳುವುದಿಲ್ಲ. ಕಲಾವಿದರಿಗೆ ಮಾತ್ರ ಏಕೆ?

ನುಡಿಸುವವರಿಗೂ ಒಂದು ಮಾತು. ಸಂಭಾವನೆ ಎಷ್ಟು, ಯಾವಾಗ ಎಂಬುದನ್ನು ಒಪ್ಪಿಕೊಳ್ಳುವ ಮೊದಲೇ ಕೇಳಿ, ಫೋನಿನಲ್ಲಿ ಒಂದು ಸಂದೇಶವಾಗಿ ಬರೆಸಿಕೊಳ್ಳಿ. ಹಣದ ಮಾತಾಡುವುದರಿಂದ ಕಲೆಯ ಘನತೆ ಕುಂದುವುದಿಲ್ಲ.

ಸಮಿತಿಯ ಬಂಧುಗಳೇ, ಈ ಸಲದ ಬ್ಯಾನರಿನಲ್ಲಿ ಕೀಬೋರ್ಡ್, ತಬಲಾ, ಪ್ಯಾಡ್, ಕೊಳಲು ನುಡಿಸುವ ಪ್ರತಿಯೊಬ್ಬರ ಹೆಸರನ್ನೂ ಹಾಕಿಸಿ. ಭಾಷಣಗಳನ್ನು ಅರ್ಧ ಗಂಟೆಯಲ್ಲಿ ಮುಗಿಸಿ. ಕಾರ್ಯಕ್ರಮ ಮುಗಿದ ರಾತ್ರಿಯೇ, ಅವರು ವಾದ್ಯ ಕಟ್ಟಿಕೊಳ್ಳುವಷ್ಟರಲ್ಲಿ, ಒಪ್ಪಿದ ಪೂರ್ತಿ ಹಣವನ್ನು ಅವರ ಕೈಗೆ ಕೊಡಿ.