ಲಕೋಟೆಯ ಮೇಲಿನ ಹೆಸರು

ನಮ್ಮ ಕಪಾಟಿನಲ್ಲಿ ಸೀರೆಗಳ ಅಡಿಗೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಸಂಬಳವಾದ ವಾರ ಬ್ಯಾಂಕಿನಿಂದ ಹಣ ತಂದ ಕೂಡಲೇ ನಾನು ಮಾಡುವ ಮೊದಲ ಕೆಲಸವೆಂದರೆ ಆ ಡಬ್ಬಿಯೊಳಗಿನ ಲಕೋಟೆಗಳನ್ನು ತುಂಬಿಸುವುದು. ಮದುವೆಯ ಕರೆಯೋಲೆ ಬಂದ ಲಕೋಟೆಗಳನ್ನೇ ಜೋಪಾನ ಮಾಡಿಟ್ಟು, ಅವುಗಳ ಬೆನ್ನಿನ ಮೇಲೆ ಹೆಸರು ಬರೆದಿದ್ದೇನೆ: ಹಾಲು, ಗ್ಯಾಸ್, ಮೀನು, ಅತ್ತೆಯ ಮದ್ದು, ಚಿಟ್‌ಫಂಡು, ದೇವರ ಹುಂಡಿ. ಈಗ ಎಲ್ಲವನ್ನೂ ಫೋನಿನಲ್ಲೇ ಕೊಡಬಹುದಲ್ಲ ಎಂದು ಮಗಳು ನಗುತ್ತಾಳೆ. ಕೊಡಬಹುದು. ಆದರೆ ನೋಟು ಕಣ್ಣಿಗೆ ಕಾಣದಿದ್ದರೆ ನನಗೆ ಲೆಕ್ಕ ಹಿಡಿಯುವುದಿಲ್ಲ. ಮೀನಿನ ದುಡ್ಡು ತೀರಿದರೆ ಆ ತಿಂಗಳ ಉಳಿದ ದಿನ ಬಸಳೆ, ಹರಿವೆ. ಮದ್ದಿನ ಲಕೋಟೆಗೆ ಕೈ ಹಾಕಿದವಳಲ್ಲ. ಹಣದ ವಿಷಯದಲ್ಲಿ ನಾನು ಗಟ್ಟಿ ಹೆಂಗಸು ಎಂಬ ಹೆಮ್ಮೆ ನನಗೆ ಬಹಳ ಕಾಲ ಇತ್ತು. ಆ ಹೆಮ್ಮೆ ಎಲ್ಲಿ, ಹೇಗೆ ಮುರಿಯಿತು ಎಂಬುದನ್ನೇ ಇಲ್ಲಿ ಬರೆಯಬೇಕೆಂದಿದ್ದೇನೆ.

2023ರ ಕ್ರಿಸ್‌ಮಸ್ ರಜೆಯಲ್ಲಿ ಅಕ್ಕನ ಮಗ ನಮ್ಮನ್ನೆಲ್ಲ ಗೋವಾಕ್ಕೆ ಕರೆದುಕೊಂಡು ಹೋದ. ಈಗ ಮಂಗಳೂರು ಜಂಕ್ಷನ್ ಎನ್ನುವ, ನಮ್ಮ ಬಾಯಲ್ಲಿ ಇನ್ನೂ ಕಂಕನಾಡಿ ಸ್ಟೇಷನ್ನೇ ಆಗಿರುವ ನಿಲ್ದಾಣದಲ್ಲಿ ರೈಲು ಹತ್ತಿದೆವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಗೋವಾ ನಮಗೆ ದೂರದ ಊರಲ್ಲ. ಮಂಗೇಶಿ, ಶಾಂತಾದುರ್ಗಾ, ಹಳೆ ಗೋವಾದ ಇಗರ್ಜಿ, ಎಲ್ಲ ನೋಡಿ ಆದ ಮೇಲೆ ಕೊನೆಯ ರಾತ್ರಿ ಅವನು, ‘ಚಿಕ್ಕಮ್ಮ, ಮಾಂಡೋವಿಯ ಹಡಗಿಗೆ ಹೋಗಿ ಬರುವ. ಟಿಕೆಟ್ ನನ್ನದು’ ಎಂದ.

ಪಣಜಿಯಲ್ಲಿ ಮಾಂಡೋವಿ ನದಿಯ ಮೇಲೆ ಸಾಲಾಗಿ ನಿಂತಿರುವ ಕ್ಯಾಸಿನೊ ಹಡಗುಗಳನ್ನು ನೀವೂ ನೋಡಿರಬಹುದು. ಸಂಜೆಯಾದರೆ ನದಿ ಇಡೀ ಬಣ್ಣದ ದೀಪ. 1976ರ ಜೂಜು ಕಾಯ್ದೆಗೆ 1992ರಲ್ಲೂ 1996ರಲ್ಲೂ ತಂದ ತಿದ್ದುಪಡಿಗಳಿಂದ ಅಲ್ಲಿ ಇದಕ್ಕೆ ದಾರಿಯಾಯಿತು. ದಡದಿಂದ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಹಡಗೆಂದು ಹೆಸರು, ಆದರೆ ಅದು ನಿಂತಲ್ಲೇ ನಿಂತಿರುತ್ತದೆ.

ಹೊರಡುವ ಮೊದಲು ಹುಡುಗ ನನಗೊಂದು ಉಪದೇಶ ಮಾಡಿದ. ‘ಒಂದು ಕವರಿನಲ್ಲಿ ಇಷ್ಟು ಎಂದು ತೆಗೆದಿಟ್ಟುಕೊಳ್ಳಿ ಚಿಕ್ಕಮ್ಮ. ಅದು ಹೋಯಿತು ಎಂದೇ ತಿಳಿಯಿರಿ. ಸಿನಿಮಾಕ್ಕೆ ಖರ್ಚು ಮಾಡಿದ ಹಾಗೆ. ಬ್ಯಾಂಕಿನ ಕಾರ್ಡು ರೂಮಿನಲ್ಲೇ ಇರಲಿ. ಕವರು ಖಾಲಿಯಾದರೆ ಎದ್ದು ಬಂದು ಊಟ ಮಾಡುವುದು.’ ನನಗೆ ನಗು ಬಂತು. ಲಕೋಟೆಯ ಪಾಠವನ್ನು ನನಗೇ ಹೇಳುತ್ತಾನಲ್ಲ! ಎರಡು ಸಾವಿರ ರೂಪಾಯಿ ಒಂದು ಲಕೋಟೆಯಲ್ಲಿಟ್ಟು, ಅಭ್ಯಾಸಬಲದಿಂದ ಮೇಲೆ ‘ಆಟ’ ಎಂದು ಬರೆದೆ.

ಒಳಗೆ ಹೋದರೆ ಜಾತ್ರೆ. ಒಂದು ಮೇಜಿನ ಬಳಿ ನಿಂತು ನೋಡಿದೆ. ಒಂದು ಎಲೆ ಒಳಗೆ, ಒಂದು ಎಲೆ ಹೊರಗೆ ಹಾಕುತ್ತಿದ್ದಾರೆ. ಅರೆ, ಇದು ನಮ್ಮ ಉಲಾಯಿ-ಪಿದಾಯಿ! ಚಿಕ್ಕಂದಿನಲ್ಲಿ ಜಾತ್ರೆಯ ಗದ್ದೆಯ ಅಂಚಿನಲ್ಲಿ, ಗ್ಯಾಸ್‌ಲೈಟಿನ ಬೆಳಕಿನಲ್ಲಿ ಗಂಡಸರು ಸುತ್ತುಗಟ್ಟಿ ಕುಳಿತಿರುತ್ತಿದ್ದರು. ‘ಅತ್ತ ನೋಡಬೇಡ, ಜುಗಾರಿಯವರು’ ಎಂದು ಅಮ್ಮ ನನ್ನ ಕೈ ಹಿಡಿದು ಬೇಗ ಬೇಗ ದಾಟಿಸುತ್ತಿದ್ದಳು. ಅದೇ ಆಟ ಇಲ್ಲಿ ಅಂದರ್-ಬಾಹರ್ ಎಂಬ ಹೆಸರಿನಲ್ಲಿ, ತೂಗುದೀಪದ ಕೆಳಗೆ, ಕೋಟು ಹಾಕಿದ ಹುಡುಗಿಯ ಕೈಯಲ್ಲಿ ನಡೆಯುತ್ತಿತ್ತು. ಜುಗಾರಿಗೆ ಇಷ್ಟು ಮರ್ಯಾದೆ ಬಂದದ್ದು ಕಂಡು ನನ್ನ ಅಳುಕೂ ಹೋಯಿತು.

ನಾನು ಕುಳಿತದ್ದು ತಿರುಗುವ ಚಕ್ರದ ಮುಂದೆ. ಐನೂರರ ನೋಟುಗಳನ್ನು ಕೊಟ್ಟೆ. ಆತ ಅವನ್ನು ಮೇಜಿನ ಒಂದು ಸೀಳಿನೊಳಗೆ ತಳ್ಳಿ, ಚಿಪ್ಸ್ ಎಂದು ಅವರು ಕರೆಯುವ ಬಣ್ಣದ ಬಿಲ್ಲೆಗಳನ್ನು ನನ್ನ ಮುಂದೆ ಸರಿಸಿದ. ಕೆಂಪಿಗೆ ಇನ್ನೂರು ಇಟ್ಟೆ, ಬಂತು. ಮತ್ತೆ ಇಟ್ಟೆ, ಬಂತು. ಇನ್ನೂರು ನಾನೂರಾಯಿತು. ಒಂದು ಹಂತದಲ್ಲಿ ನನ್ನ ಮುಂದೆ 4,600 ರೂಪಾಯಿಯ ಬಿಲ್ಲೆಗಳಿದ್ದವು. ನಮ್ಮವರು ಬಂದು, ‘ಸಾಕಲ್ಲ, ಊಟಕ್ಕೆ ಬಾ’ ಎಂದರು. ‘ನೀವು ನಡೆಯಿರಿ, ಬಂದೆ’ ಎಂದೆ. ಒಂದೂವರೆ ಗಂಟೆ ಕಳೆಯುವುದರೊಳಗೆ ಎಲ್ಲ ಹೋಗಿತ್ತು.

ಲಕೋಟೆ ಖಾಲಿ. ಏಳಬೇಕಾದ ಹೊತ್ತು ಅದು. ಏಳಲಿಲ್ಲ. ನನ್ನ ಕೈಚೀಲದ ಒಳಜೇಬಿನಲ್ಲಿ ಇನ್ನೊಂದು ಲಕೋಟೆ ಇತ್ತು. ನಮ್ಮ ಶಾಲೆಯ ಆಯಾ ಆ ತಿಂಗಳ ಕೊನೆಗೆ ನಿವೃತ್ತಳಾಗುವವಳಿದ್ದಳು. ರಜೆ ಕೊಡುವ ದಿನ ನಾವೆಲ್ಲ ಟೀಚರುಗಳು ಸೇರಿ ಅವಳಿಗಾಗಿ 6,000 ರೂಪಾಯಿ ಒಟ್ಟು ಮಾಡಿ, ಲೆಕ್ಕದಲ್ಲಿ ಗಟ್ಟಿ ಎಂದು ನನ್ನ ಕೈಗೇ ಕೊಟ್ಟಿದ್ದರು. ಮನೆಯಲ್ಲಿ ಇಟ್ಟು ಬರಲು ಮರೆತಿದ್ದೆ. ಅದರಿಂದ ಎರಡು ಐನೂರರ ನೋಟು ತೆಗೆದೆ. ನಾಳೆಯೇ ಇಡುತ್ತೇನಲ್ಲ ಎಂದುಕೊಂಡೆ. ಮೂರು ನಿಮಿಷದಲ್ಲಿ ಅದೂ ಹೋಯಿತು. ಆಗ ಮೈಯೆಲ್ಲ ತಣ್ಣಗಾಗಿ ಎದ್ದು ಬಂದೆ. ಊಟದ ತಟ್ಟೆಯಲ್ಲಿ ಏನಿತ್ತೆಂದು ಈಗ ನೆನಪಿಲ್ಲ.

ಮರುದಿನ ಬೆಳಿಗ್ಗೆ ಮಡಗಾವಿನ ಎಟಿಎಮ್ಮಿನಿಂದ ಹಣ ತೆಗೆದು ಎರಡು ನೋಟನ್ನು ಆ ಲಕೋಟೆಗೆ ಹಾಕಿದೆ. ಲೆಕ್ಕ ಸರಿಯಾಯಿತು. ಆಯಾಳಿಗೆ ಒಂದು ಪೈಸೆಯೂ ಕಡಿಮೆಯಾಗಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ಹಾಗಾದರೆ ನಾನು ಮಾಡಿದ್ದರಲ್ಲಿ ತಪ್ಪೇನು?

ಈ ಪ್ರಶ್ನೆ ಕೇಳಿಕೊಂಡಾಗ ನನ್ನೊಳಗಿನ ಟೀಚರು ಮೊದಲು ಕಾಗದ-ಪೆನ್ಸಿಲು ಹಿಡಿದಳು. ರೈಲಿನಲ್ಲಿ ಕುಳಿತು ಲೆಕ್ಕ ಹಾಕಿದೆ. ನಾನು ಕಂಡ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ 37 ಮನೆಗಳು. ಒಂದೊಂದು ಮನೆಯ ಮೇಲೂ ನೂರು ರೂಪಾಯಿ ಇಟ್ಟರೆ 3,700 ಆಯಿತು. ಗೆದ್ದ ಮನೆಗೆ ಒಂದಕ್ಕೆ ಮೂವತ್ತೈದರಂತೆ ಕೊಡುತ್ತಾರೆ. ಇಟ್ಟ ನೂರೂ ಸೇರಿ ಹಿಂದೆ ಬರುವುದು 3,600. ಎಲ್ಲ ಮನೆಯಲ್ಲೂ ನಾನೇ ಇದ್ದರೂ ನೂರು ರೂಪಾಯಿ ಹೋಗಿಯೇ ಹೋಗುತ್ತದೆ. ಕೆಂಪು-ಕಪ್ಪಿನ ಲೆಕ್ಕವೂ ಅಷ್ಟೆ. ಅಲ್ಲಿ ಯಾರೂ ಮೋಸ ಮಾಡುವುದಿಲ್ಲ, ಮೋಸದ ಅಗತ್ಯವೇ ಇಲ್ಲ. ನೂರಕ್ಕೆ ಮೂರಕ್ಕಿಂತ ಕಡಿಮೆ ಅಲ್ಲವೇ ಎನ್ನಬಹುದು. ಆದರೆ ಯಾವ ನೂರಕ್ಕೆ? ಲಕೋಟೆಯಲ್ಲಿದ್ದುದು 2,000. ನಾನು ಒಂದೂವರೆ ಗಂಟೆಯಲ್ಲಿ ಸುಮಾರು ಐವತ್ತು ಸಲ, ಹೆಚ್ಚುಕಡಿಮೆ ನಾನೂರರಂತೆ ಇಟ್ಟಿದ್ದೆ. ಅಂದರೆ ಮೇಜಿನ ಮೇಲೆ ನಾನು ಹೂಡಿದ್ದು 20,000! ಅದೇ ಬಿಲ್ಲೆ ಹೋಗಿ ಬಂದು, ಬಂದು ಹೋಗಿ, ಪ್ರತಿ ಸಲವೂ ತನ್ನ 37ನೇ ಒಂದು ಪಾಲಿನ ಸುಂಕ ತೆರುತ್ತದೆ. ಸರಕಾರದ ಸುಂಕ ಬೇರೆ. ಆಗ ಜಿಎಸ್‌ಟಿ 28 ಶೇಕಡಾ ಇತ್ತು, 2025ರ ಸೆಪ್ಟೆಂಬರಿನಲ್ಲಿ 40ಕ್ಕೆ ಏರಿತು.

ಲೆಕ್ಕ ಮುಗಿಯಿತು. ಪ್ರಶ್ನೆ ಮುಗಿಯಲಿಲ್ಲ. ಏಕೆಂದರೆ ನನ್ನನ್ನು ಕಾಡುತ್ತಿದ್ದುದು ಕಳೆದುಕೊಂಡ ಎರಡು ಸಾವಿರವಲ್ಲ, ಹಿಂದೆ ಇಟ್ಟ ಒಂದು ಸಾವಿರ.

ನಾವು ಹೆಂಗಸರು ಮನೆಯಲ್ಲಿ ಹಣವನ್ನು ನೋಡಿಕೊಳ್ಳುವುದೆಂದರೆ ಏನು? ಬಂದ ಹಣಕ್ಕೆ ಹೆಸರಿಡುವುದು. ಸಂಬಳವಾಗಿ ಬರುವಾಗ ಎಲ್ಲ ನೋಟೂ ಒಂದೇ. ನಾವು ಅದನ್ನು ಅತ್ತೆಯ ಮದ್ದು ಮಾಡುತ್ತೇವೆ, ಮಗಳ ಫೀಸು ಮಾಡುತ್ತೇವೆ. ಹೆಸರು ಬಿದ್ದ ಮೇಲೆ ಅದು ನಮ್ಮದಲ್ಲ, ಆ ಹೆಸರಿನವರದು. ಜೂಜಿನ ಮನೆ ಮಾಡುವ ಕೆಲಸ ಇದಕ್ಕೆ ನೇರ ವಿರುದ್ಧ. ಅದು ಹಣದ ಹೆಸರನ್ನು ಅಳಿಸುತ್ತದೆ. ನೋಟು ಸೀಳಿನೊಳಗೆ ಹೋದ ಕ್ಷಣ ಅದು ಯಾರ ಮದ್ದೂ ಅಲ್ಲ, ಯಾರ ಫೀಸೂ ಅಲ್ಲ, ಒಂದು ನೀಲಿ ಬಿಲ್ಲೆ. ನಮ್ಮ ಕರಾವಳಿಯ ಹುಡುಗರು ಅನೇಕರು ದೊಡ್ಡ ಪ್ರವಾಸಿ ಹಡಗುಗಳಲ್ಲಿ ಕೆಲಸಕ್ಕಿದ್ದಾರೆ. ಅಂಥ ಹಡಗುಗಳು ನಮ್ಮ ಪಣಂಬೂರಿಗೂ ಬರುತ್ತವೆ. ಅವುಗಳ ಒಳಗೂ ಕ್ಯಾಸಿನೊ ಇರುತ್ತದೆ, ಸಾಮಾನ್ಯವಾಗಿ ಬಂದರಿನಲ್ಲಿ ನಿಂತಷ್ಟು ಹೊತ್ತು ಅದಕ್ಕೆ ಬೀಗ. ಅಲ್ಲಿ ಇನ್ನೂ ಸುಲಭವಂತೆ. ಕೋಣೆಯ ಕೀಲಿಯಾಗಿರುವ ಕಾರ್ಡಿಗೇ ಎಷ್ಟೋ ಹಡಗುಗಳಲ್ಲಿ ಬಿಲ್ಲೆಯ ಲೆಕ್ಕ ಬರೆಸಬಹುದು, ಕೊನೆಯ ದಿನ ಬಿಲ್ಲು ಬರುತ್ತದೆ. ಅಲ್ಲಿ ನೋಟೂ ಇಲ್ಲ, ಲಕೋಟೆಯೂ ಇಲ್ಲ.

ಹಾಗಾಗಿ ‘ಇಷ್ಟು’ ಎಂದು ತೆಗೆದಿಡುವ ಉಪದೇಶ ಸುಳ್ಳಲ್ಲ, ಅರ್ಧ ಮಾತ್ರ. ಅಕ್ಕನ ಮಗ ಹಾಗೆ ಇಟ್ಟುಕೊಂಡ, ಕಳೆದುಕೊಂಡ, ನಗುತ್ತ ಎದ್ದು ಬಂದ. ಅವನನ್ನು ನಾನು ಹಳಿಯಲಾರೆ. ಆದರೆ ಕಾಯುವುದು ‘ಆಟ’ ಎಂದು ಬರೆದ ಲಕೋಟೆಯಲ್ಲ. ಅದು ಖಾಲಿಯಾದಾಗ ಉಳಿದ ಲಕೋಟೆಗಳು ಮುಚ್ಚಿಯೇ ಇರುತ್ತವೆಯೇ ಎಂಬುದರಲ್ಲಿ ಎಲ್ಲವೂ ನಿಂತಿದೆ.

ನಮ್ಮ ಪುರಾಣದ ಜೂಜುಗಾರರನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ. ಕನಕದಾಸರ ‘ನಳಚರಿತ್ರೆ’ಯಿಂದ ನಮಗೆಲ್ಲ ಹತ್ತಿರದವನಾದ ನಳನೂ ರಾಜ್ಯವನ್ನು ಜೂಜಿನಲ್ಲಿ ಕಳೆದುಕೊಂಡವನೇ. ಭಾರತದ ಅರಣ್ಯಪರ್ವದಲ್ಲಿ ಬೃಹದಶ್ವ ಮುನಿ ಈ ಕಥೆಯನ್ನು ಹೇಳುವುದು ಯಾರಿಗೆ? ಎಲ್ಲವನ್ನೂ ಸೋತು ಕಾಡಿಗೆ ಬಂದ ಧರ್ಮರಾಯನಿಗೆ. ಆಟ ನಿಲ್ಲುವ ಹಾಗಿಲ್ಲ ಎಂದು ಕಂಡಾಗ ದಮಯಂತಿ ಅಳುತ್ತ ಕೂರಲಿಲ್ಲ. ಸಾರಥಿಯನ್ನು ಕರೆಸಿ ಮಕ್ಕಳಿಬ್ಬರನ್ನು ತವರಿಗೆ ಕಳಿಸಿದಳು. ಒಂದು ಲಕೋಟೆಯನ್ನು ಅವಳು ಕೈಯಾರೆ ಮುಚ್ಚಿದಳು ಎನ್ನೋಣ. ಕೊನೆಗೆ ಪುಷ್ಕರ ‘ದಮಯಂತಿಯನ್ನೇ ಪಣಕ್ಕಿಡು’ ಎಂದಾಗ ನಳ ಮೈಮೇಲಿನ ಒಡವೆ ಕಳಚಿಟ್ಟು ಒಂದೇ ಬಟ್ಟೆಯಲ್ಲಿ ಹೊರಟುಹೋದ. ಸರ್ವಸ್ವ ಸೋತರೂ ಒಂದು ಹೆಸರನ್ನು ಅವನು ಅಳಿಸಲಿಲ್ಲ. ಧರ್ಮರಾಯ ಅಳಿಸಿದ. ಆಗ ದ್ರೌಪದಿ ಕೇಳಿ ಕಳಿಸಿದ್ದು ಎಷ್ಟು ಸೋತಿರಿ ಎಂದಲ್ಲ. ಮೊದಲು ಸೋತದ್ದು ನಿಮ್ಮನ್ನೋ ನನ್ನನ್ನೋ ಎಂದು. ಅಂದರೆ, ನನ್ನನ್ನು ಇಡುವ ಹಕ್ಕು ನಿಮಗೆ ಇತ್ತೇ? ತುಂಬಿದ ಸಭೆಯಲ್ಲಿ ಭೀಷ್ಮನೂ ಅದಕ್ಕೆ ನೇರ ಉತ್ತರ ಕೊಡಲಿಲ್ಲ. ಅವಳ ಪರವಾಗಿ ಮಾತಾಡಿದವನು ಕೌರವರಲ್ಲೇ ಒಬ್ಬ, ವಿಕರ್ಣ.

ಆಯಾಳ ಲಕೋಟೆಗೂ ಅದೇ ಪ್ರಶ್ನೆ. ನಾನು ಹಿಂದೆ ಇಟ್ಟೆನೇ ಇಲ್ಲವೇ ಎಂಬುದು ಆಮೇಲಿನ ಮಾತು. ಇಡುವ ಹಕ್ಕು ಇತ್ತೇ?

ಸರಕಾರಗಳು ಈ ಹೆಸರಿನ ಲೆಕ್ಕ ಬಲ್ಲವು. ಗೋವಾ ಸರಕಾರ 2020ರ ಫೆಬ್ರವರಿ 1ರಿಂದ ತನ್ನ ಊರಿನವರು ಕ್ಯಾಸಿನೊದಲ್ಲಿ ಆಡಬಾರದೆಂದು ನಿಷೇಧಿಸಿತು. ತನ್ನ ಮಕ್ಕಳ ಲಕೋಟೆಯನ್ನು ಮುಚ್ಚಿ, ಹೊರಗಿನಿಂದ ಬರುವ ನಮ್ಮಂಥವರದನ್ನು ತೆರೆದಿಟ್ಟಿತು. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು, ತಲಪಾಡಿ ದಾಟಿದರೆ ಕೇರಳದ್ದು 1967ರಿಂದಲೂ ನಡೆಯುತ್ತಿದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿ ತಂದಿತು. ಒಳ್ಳೆಯದೇ. ಆದರೆ ಒಂದು ಗಡಿಯಲ್ಲಿ ಮುಚ್ಚಿದ್ದು ಇನ್ನೊಂದು ಗಡಿಯಲ್ಲಿ ತೆರೆದಿರುವಾಗ, ಕಾಯುವ ಕೆಲಸ ಕೊನೆಗೆ ಡಬ್ಬಿ ಇರುವ ಮನೆಗೇ ಬರುತ್ತದೆ.

ಜನವರಿಯಲ್ಲಿ ಶಾಲೆ ಶುರುವಾದ ವಾರ ಬೀಳ್ಕೊಡುಗೆ ಆಯಿತು. ಲಕೋಟೆಯನ್ನು ನನ್ನ ಕೈಯಿಂದಲೇ ಕೊಡಿಸಿದರು. ಆಯಾ ಎರಡೂ ಕೈಯಲ್ಲಿ ತೆಗೆದುಕೊಂಡು, ‘ನಿಮ್ಮ ಹತ್ತಿರ ಇದೆ ಎಂದು ಗೊತ್ತಿತ್ತು ಟೀಚರೇ, ಮತ್ತೆಂತ ಯೋಚನೆ?’ ಎಂದಳು. ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮವರಿಗೆ ಹೇಳಿದೆ. ‘ಹಿಂದೆ ಇಟ್ಟೆಯಲ್ಲ, ಬಿಡು’ ಎಂದರು. ಬಿಡಲಾಗಲಿಲ್ಲ.

ಕೆಲವು ತಿಂಗಳ ನಂತರ ಕಂಕನಾಡಿ ಮಾರ್ಕೆಟ್ಟಿನಲ್ಲಿ ಅವಳು ಸಿಕ್ಕಳು. ತರಕಾರಿ ಚೀಲ ಕೆಳಗಿಟ್ಟು, ಬದಿಗೆ ಕರೆದು, ನಡೆದದ್ದನ್ನು ಹೇಳಿ ತಪ್ಪಾಯಿತು ಎಂದೆ. ಅವಳು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ, ‘ನಮ್ಮ ಇವರೂ ಹಿಂದೆ ಇಡುತ್ತೇನೆ ಎಂದೇ ತೆಗೆದುಕೊಂಡು ಹೋಗುತ್ತಿದ್ದರು ಟೀಚರೇ. ನನ್ನ ಬೆಂಡೋಲೆ, ಮಗನ ಫೀಸಿನ ದುಡ್ಡು... ಇಡುವ ಮನಸ್ಸು ಅವರಿಗೂ ಇತ್ತು. ಸಂಬಳ ಇರಲಿಲ್ಲ, ಅಷ್ಟೆ’ ಎಂದಳು.

ಬಸ್ಸು ಬಂತೆಂದು ಅವಳು ಹೊರಟಳು. ನಾನು ಅಲ್ಲೇ ನಿಂತಿದ್ದೆ. ಚಿಕ್ಕಂದಿನಲ್ಲಿ ಅಮ್ಮ ಕೈ ಹಿಡಿದು ದಾಟಿಸಿದ ಆ ಗ್ಯಾಸ್‌ಲೈಟಿನ ಸುತ್ತಿನವರಿಗೂ ನನಗೂ ಇದ್ದ ಅಂತರ ಎಷ್ಟೆಂದು ಅವಳು ಒಂದೇ ಮಾತಿನಲ್ಲಿ ಹೇಳಿದ್ದಳು. ನನಗಿದ್ದದ್ದು ಒಳ್ಳೆಯತನವೆಂದು ತಿಳಿದಿದ್ದೆ. ಅದು ತಿಂಗಳ ಸಂಬಳ.

ಈಗಲೂ ಲಕೋಟೆಗಳನ್ನು ತುಂಬಿಸುತ್ತೇನೆ. ‘ಆಟ’ ಎಂದು ಬರೆದದ್ದನ್ನು ಹರಿದು ಬಿಸಾಡಲಿಲ್ಲ, ಖಾಲಿಯಾಗಿಯೇ ಡಬ್ಬಿಯಲ್ಲಿದೆ. ಮಗಳು ಅದನ್ನು ಕಂಡು ಏನಮ್ಮ ಇದು ಎಂದು ಕೇಳಿದಾಗ, ಕುಳ್ಳಿರಿಸಿ ಎಲ್ಲವನ್ನೂ ಹೇಳಿದೆ. ಮುಂದೆ ಅವಳೂ ಒಂದು ಡಬ್ಬಿ ಇಟ್ಟುಕೊಳ್ಳುವವಳು.