ವಾಹನ ಚಾಲನೆಯೂ ಪ್ರಮಾದವೂ

ಶ್ರಾವಕನು ನೀರನ್ನು ಸೋಸಿ ಕುಡಿಯುತ್ತಾನೆ, ಕಂದಮೂಲಗಳನ್ನು ವರ್ಜಿಸುತ್ತಾನೆ, ಸೂರ್ಯಾಸ್ತದ ಅನಂತರ ಆಹಾರವನ್ನು ಮುಟ್ಟುವುದಿಲ್ಲ. ಇಂತಹ ಸದ್ಗೃಹಸ್ಥನು ಕಾರನ್ನೇರಿ ಹೆದ್ದಾರಿಗೆ ಇಳಿದಾಗ ಅವನ ವ್ರತವೂ ಅವನೊಡನೆ ಬರುತ್ತದೆಯೇ, ಅಥವಾ ಮನೆಯ ಬಾಗಿಲಲ್ಲಿಯೇ ಉಳಿದುಬಿಡುತ್ತದೆಯೇ ಎಂಬುದು ವಿಚಾರಣೀಯವಾದ ಪ್ರಶ್ನೆ. ಕೇಂದ್ರ ಸರ್ಕಾರದ ವರದಿಯಂತೆ 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮೃತರಾದರು. ಅವರಲ್ಲಿ ನೂರಕ್ಕೆ ಸುಮಾರು 71 ಮಂದಿಯ ಮರಣಕ್ಕೆ ಕಾರಣ ಅತಿವೇಗ. ಇದು ವಿಧಿಯ ಲೆಕ್ಕವಲ್ಲ, ಅಭ್ಯಾಸದ ಲೆಕ್ಕ.

ಅಪಘಾತವಾದಾಗ ಎರಡು ಸಮಾಧಾನಗಳು ಕೇಳಿಬರುತ್ತವೆ. ಕೊಲ್ಲುವ ಸಂಕಲ್ಪವಿರಲಿಲ್ಲ ಎಂಬುದು ಒಂದು. ಸತ್ತವನ ಆಯುಷ್ಕರ್ಮವೇ ಮುಗಿದಿತ್ತು ಎಂಬುದು ಮತ್ತೊಂದು. ಈ ಎರಡೂ ಆಗಮದ ಒರೆಗಲ್ಲಿನಲ್ಲಿ ನಿಲ್ಲುವುದಿಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಇರಿಸಿದ್ದಾರೆ. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನೇ ಬಿಡಿಸಿ ತೋರಿಸಿದರು: ರಾಗದ್ವೇಷವಿಲ್ಲದೆ ಎಚ್ಚರದಿಂದ ನಡೆಯುವವನಿಗೆ ಜೀವವೊಂದು ಸತ್ತಮಾತ್ರಕ್ಕೆ ಹಿಂಸಾದೋಷವಿಲ್ಲ, ಪ್ರಮಾದದಲ್ಲಿ ನಡೆಯುವವನಿಗೆ ಜೀವ ಸಾಯಲಿ, ಸಾಯದಿರಲಿ, ಹಿಂಸೆ ತಪ್ಪದು. ಎದುರಿನ ದಾರಿ ಕಾಣದ ತಿರುವಿನಲ್ಲಿ ಲಾರಿಯನ್ನು ಹಿಂದೆಹಾಕಿ ಸುಖವಾಗಿ ಮನೆ ಸೇರಿದವನು ಆದ್ದರಿಂದ ನಿರ್ದೋಷಿಯಲ್ಲ. ಆ ದಿನ ಎದುರಿನಿಂದ ಯಾರೂ ಬರಲಿಲ್ಲ, ಅಷ್ಟೆ. ಇನ್ನು ಸತ್ತವನ ಕರ್ಮವು ಸತ್ತವನದು. ಓಡಿಸಿದವನ ಬಂಧವು ಅವನವನ ಪರಿಣಾಮದಿಂದಲೇ ಆಗತಕ್ಕದ್ದು.

ಪ್ರಮಾದಗಳು ಹದಿನೈದು: ನಾಲ್ಕು ವಿಕಥೆಗಳು, ನಾಲ್ಕು ಕಷಾಯಗಳು, ಐದು ಇಂದ್ರಿಯಗಳು, ನಿದ್ರೆ ಮತ್ತು ಪ್ರಣಯ. ಇವುಗಳಲ್ಲಿ ಹಲವು ರಸ್ತೆಯಲ್ಲಿ ಪ್ರತ್ಯಕ್ಷವಾಗಿ ಕಾಣುತ್ತವೆ. ಕೈಯಲ್ಲಿ ಮೊಬೈಲು ಹಿಡಿದು ಮಾತನಾಡುತ್ತಾ ಓಡಿಸುವುದು ವಿಕಥೆ. ಹಿಂದಿನವನು ಮುಂದೆ ಹೋದನೆಂದು ಕೆರಳಿ ಬೆನ್ನಟ್ಟುವುದು ಕ್ರೋಧ. ಹೊಸ ಕಾರಿನ ಬಲವನ್ನು ತೋರಿಸಹೊರಡುವುದು ಮಾನ. ಮದ್ಯವನ್ನು ಮುಟ್ಟದ ಶ್ರಾವಕನು ತಾನು ಸುರಕ್ಷಿತನೆಂದು ಭಾವಿಸಬಹುದು. ಆದರೆ ರಾತ್ರಿಯೆಲ್ಲ ನಿದ್ದೆಗೆಟ್ಟು ಓಡಿಸುವವನ ಕಣ್ಣು ಕೈಗಳು ಕುಡಿದವನಂತೆಯೇ ತಡವರಿಸುತ್ತವೆ.

ಮುನಿಗಳು ಈರ್ಯಾಸಮಿತಿಯನ್ನು ಪಾಲಿಸಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ಕಾಲ್ನಡಿಗೆಗೆ ಅಷ್ಟು ಸಾಕು. ಗಂಟೆಗೆ 80 ಕಿಲೋಮೀಟರು ವೇಗದ ಕಾರು ಒಂದೇ ಸೆಕೆಂಡಿನಲ್ಲಿ 22 ಮೀಟರು ಸಾಗುತ್ತದೆ. ಮೂರು ಸೆಕೆಂಡು ಮೊಬೈಲನ್ನು ನೋಡಿದರೆ 66 ಮೀಟರು ಕುರುಡಾಗಿ ನಡೆದಂತಾಯಿತು. ವೇಗ ಇಮ್ಮಡಿಯಾದರೆ ಬ್ರೇಕು ಹಾಕಿದ ಮೇಲೆ ವಾಹನವು ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗವೇ ಗೃಹಸ್ಥನ ಈರ್ಯಾಸಮಿತಿ. ಮುಂಜಾನೆ ಹೆದ್ದಾರಿಯ ಅಂಚಿನಲ್ಲಿ ವಿಹಾರ ಮಾಡುವ ಮುನಿಸಂಘದ ಪ್ರಾಣವೂ ಈ ಎಚ್ಚರವನ್ನೇ ಅವಲಂಬಿಸಿದೆ.

ದೋಷವು ಚಾಲಕನೊಬ್ಬನದೇ ಅಲ್ಲ. ಕೃತ, ಕಾರಿತ, ಅನುಮೋದನೆ ಎಂಬ ಮೂರು ದಾರಿಗಳಿಂದಲೂ ಪಾಪವು ಬರುತ್ತದೆ. ಬೇಗ ನಡೆಸೆಂದು ಬಾಡಿಗೆ ಚಾಲಕನನ್ನು ಅವಸರಪಡಿಸುವುದು ಕಾರಿತ. ಬೆಂಗಳೂರಿನಿಂದ ಶ್ರವಣಬೆಳಗೊಳಕ್ಕೆ ಇಷ್ಟು ಬೇಗ ಬಂದೆಯಾ ಎಂದು ಮೆಚ್ಚುವುದು ಅನುಮೋದನೆ. ಐದು ಜನರ ಕಾರಿನಲ್ಲಿ ಒಂಬತ್ತು ಜನರನ್ನು ತುಂಬಿ ಯಾತ್ರೆ ಹೊರಡುವವರು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದೆಂಬುದನ್ನು ಮರೆಯಬಾರದು. ಎತ್ತಿನ ಬೆನ್ನಿಗೆ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ.

ಇಲ್ಲೊಂದು ಶಂಕೆ ಏಳಬಹುದು: ಸೂರ್ಯನು ಇಳಿಯುತ್ತಿದ್ದಾನೆ, ಮನೆ ಇನ್ನೂ ದೂರವಿದೆ, ರಾತ್ರಿಭೋಜನತ್ಯಾಗದ ನಿಯಮವನ್ನು ಉಳಿಸಿಕೊಳ್ಳಲು ವೇಗವಾಗಿ ಓಡಿಸುವುದು ಧರ್ಮವಲ್ಲವೇ? ಅಲ್ಲ. ರಾತ್ರಿಭೋಜನವನ್ನು ಬಿಡುವುದು ಜೀವದಯೆಗಾಗಿ. ಕತ್ತಲಿನಲ್ಲಿ ಕಾಣದ ಕ್ರಿಮಿಗೆ ಕರುಣೆ ತೋರಹೊರಟವನು ಹಗಲಿನಲ್ಲಿ ಕಾಣುವ ಮನುಷ್ಯನನ್ನು ಅಪಾಯಕ್ಕೆ ಗುರಿಮಾಡಿದರೆ ಬೇರನ್ನು ಕಡಿದು ಕೊಂಬೆಗೆ ನೀರೆರೆದಂತೆ. ಬುತ್ತಿಯನ್ನು ಕಟ್ಟಿಕೊಂಡು ಹೊರಡಲಿ. ಹೊತ್ತಿರುವಾಗಲೇ ದಾರಿಯಲ್ಲಿ ನಿಲ್ಲಿಸಿ ಉಣ್ಣಲಿ. ಅದೂ ತಪ್ಪಿತೆಂದರೆ ಆ ಹೊತ್ತಿನ ಊಟವನ್ನು ಬಿಡಲಿ. ಅದರಿಂದ ವ್ರತಕ್ಕೆ ಭಂಗವಿಲ್ಲ, ತಪಸ್ಸಿನ ಲಾಭವೇ ಉಂಟು. ಎಲ್ಲಿಗೆ ಬಂದಿರಿ, ಹೊತ್ತು ಮುಳುಗಿತು ಎಂದು ಮನೆಯವರು ಮತ್ತೆ ಮತ್ತೆ ಫೋನು ಮಾಡದಿರಲಿ. ದಶಲಕ್ಷಣ ಪರ್ವದಲ್ಲಿ ಉಪವಾಸವಿದ್ದು ಬಳಲಿದವರು ಚಾಲನೆಯನ್ನು ಇನ್ನೊಬ್ಬರಿಗೆ ಒಪ್ಪಿಸಲಿ.

ಹೊರಡುವಾಗ ಣಮೋಕಾರ ಮಂತ್ರವನ್ನು ಜಪಿಸುವ ರೂಢಿ ಅನೇಕ ಮನೆಗಳಲ್ಲಿದೆ. ಅದರೊಡನೆ ಚಿಕ್ಕ ನಿಯಮವೊಂದನ್ನೂ ತೆಗೆದುಕೊಳ್ಳುವುದು ಉಚಿತ: ಇಳಿಯುವವರೆಗೆ ಮೊಬೈಲನ್ನು ಮುಟ್ಟುವುದಿಲ್ಲ, ನಿದ್ದೆ ಬಂದರೆ ನಿಲ್ಲಿಸುತ್ತೇನೆ, ನಿಗದಿಯಾದ ವೇಗವನ್ನು ಮೀರುವುದಿಲ್ಲ. ದಿಗ್ವ್ರತದಲ್ಲಿ ತನ್ನ ಸಂಚಾರದ ದೂರಕ್ಕೇ ಮಿತಿಯನ್ನು ಹಾಕಿಕೊಳ್ಳಬಲ್ಲ ಶ್ರಾವಕನಿಗೆ ವೇಗಕ್ಕೆ ಮಿತಿ ಹಾಕಿಕೊಳ್ಳುವುದು ಅಸಾಧ್ಯವೇನಲ್ಲ.